ಗುಂಡಿ ತೋಡಿದವರ ಹೆಸರು

ಗೆಳೆಯರೇ, ಸ್ವಲ್ಪ ಉದ್ದ ಇದೆ. ಬಿಡುವಾದಾಗ ಓದಿ.

2024ರ ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಬಾಬಾಸಾಹೇಬರ ಹೆಸರಲ್ಲಿ ನಡೆಯಿತಲ್ಲ, ಆಗ ನಮ್ಮ ಅವ್ವನನ್ನ ಕರ್ಕೊಂಡು ಹೋಗಿದ್ದೆ. ಅವತ್ತು ಅವಳು ಕೇಳಿದ ಒಂದು ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ.

ಗಾಜಿನ ಮನೆ ಮುಂದೆ ಸಾಲು ಉದ್ದ ಇತ್ತು. ಅಷ್ಟರಲ್ಲಿ ಒಂದು ಸುತ್ತು ಹಾಕೋಣ ಅಂತ ಹೊರಟ್ವಿ. 1961ರಲ್ಲಿ ಇಂಗ್ಲೆಂಡಿನ ರಾಣಿ ಎರಡನೇ ಎಲಿಜಬೆತ್ ಬಂದಾಗ ನೆಟ್ಟ ಮರ ತೋರಿಸಿದೆ. ಅರೌಕೇರಿಯ, ಜನ ಕ್ರಿಸ್‌ಮಸ್ ಮರ ಅಂತಾರೆ. ಅವ್ವ ತಲೆ ಎತ್ತಿ ತುದಿ ನೋಡಿದಳು. ಆಮೇಲೆ ಬಗ್ಗಿ ಬುಡ ನೋಡಿದಳು.

“ರಾಣಿ ನೆಟ್ಲು, ಸರಿ ಕಣ್ ಮಗ. ಗುಂಡಿ ತೋಡಿದ್ದು ಯಾರು? ನೀರು ಹಾಕಿದ್ದು ಯಾರು?”

ಬಿಎನಲ್ಲಿ ಇತಿಹಾಸ ಓದಿದವನು ನಾನು. ಬಾಯಿ ಬರಲಿಲ್ಲ.

ಅವ್ವ ಸುಮ್ಮನೆ ಕೇಳಿದ್ದಲ್ಲ. ಇಪ್ಪತ್ತೊಂದು ವರ್ಷ ಒಂದು ಸರ್ಕಾರಿ ನರ್ಸರಿಯಲ್ಲಿ ದಿನಗೂಲಿ ಮಾಡಿದವಳು. ಪಾಕೆಟ್‌ಗೆ ಮಣ್ಣು ತುಂಬೋದು, ಕಳೆ ಕೀಳೋದು, ಬಿಸಿಲಲ್ಲಿ ಬಿಂದಿಗೆ ಹೊರೋದು. ವನಮಹೋತ್ಸವ ಬಂತು ಅಂದ್ರೆ ಹಿಂದಿನ ದಿನವೇ ಗುಂಡಿ ತೋಡಿ, ಗೊಬ್ಬರ ಹಾಕಿ ರೆಡಿ ಮಾಡಬೇಕು. ಮಾರನೇ ದಿನ ಸಾಹೇಬರು ಬಂದು ಸಸಿ ಇಟ್ಟು ಒಂದು ಹಿಡಿ ಮಣ್ಣು ಹಾಕೋರು. ಫೋಟೋ ಹೊತ್ತಿಗೆ ಇವಳಿಗೆ “ಆ ಕಡೆ ಹೋಗಮ್ಮ”. ಸಸಿ ಒಣಗಿದ್ರೆ ಬೈಗುಳ ಇವಳಿಗೆ. ಬದುಕಿದ್ರೆ ಬೋರ್ಡು ಸಾಹೇಬರಿಗೆ.

ಆ ಪ್ರಶ್ನೆ ಹಿಡ್ಕೊಂಡು ಲಾಲ್‌ಬಾಗ್ ಇತಿಹಾಸವನ್ನ ಮತ್ತೆ ಓದಿದೆ.

1760ರಲ್ಲಿ ಹೈದರಾಲಿ ಶುರು ಮಾಡಿದ. ಶಿರಾದ ಮೊಗಲ್ ತೋಟ ಅವನಿಗೆ ಮಾದರಿ. ಟಿಪ್ಪು ಹೊರದೇಶಗಳಿಂದ ಬೀಜ, ಸಸಿ ತರಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ತೋಟ ಬ್ರಿಟಿಷರ ಕೈಗೆ ಹೋಯ್ತು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನ ಆಯ್ತು. ಲಂಡನ್ನಿನ ಕ್ಯೂ ತೋಟದಿಂದ ವಿಲಿಯಂ ನ್ಯೂ ಬಂದ. 1874ರಲ್ಲಿ ಅಲ್ಲಿಂದಲೇ ಜಾನ್ ಕ್ಯಾಮರಾನ್ ಬಂದ. 1908ರಲ್ಲಿ ಜರ್ಮನಿಯ ಕ್ರುಂಬಿಗಲ್. ಅವನಾದ ಮೇಲೆ 1932ರಲ್ಲಿ ಎಚ್.ಸಿ. ಜವರಾಯ, ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ. ಆಮೇಲೆ ಮರಿಗೌಡರು. ನಲವತ್ತು ಎಕರೆಯ ತೋಟ 240 ಎಕರೆ ಆಯ್ತು.

ಒಂದು ವಿಷಯ ನಾವು ಮರೀತೀವಿ. ಆ ಕಾಲದ ಸಸ್ಯೋದ್ಯಾನ ಬರೀ ವಾಕಿಂಗ್ ಮಾಡೋಕೆ ಕಟ್ಟಿದ್ದಲ್ಲ. ಯಾವ ದೇಶದ ಗಿಡ ಯಾವ ದೇಶದಲ್ಲಿ ಬೆಳೀತದೆ, ಯಾವುದರಿಂದ ದುಡ್ಡು ಹುಟ್ಟುತ್ತೆ ಅಂತ ಪರೀಕ್ಷೆ ಮಾಡೋ ಜಾಗ. ಸಿಂಕೋನ, ರಬ್ಬರ್ ಎಲ್ಲ ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ಹೋಗಿದ್ದು ಇಂಥ ತೋಟಗಳ ಮೂಲಕ. ನಾವು ತಿನ್ನೋ ಸೀಮೆಬದನೆಕಾಯಿ ಇಲ್ಲಿಗೆ ಬಂದಿದ್ದು ಕ್ಯಾಮರಾನ್ ಕಾಲದಲ್ಲಿ. ತಮಿಳುನಾಡಲ್ಲಿ ಅದನ್ನ ಈಗಲೂ ಬೆಂಗಳೂರು ಕತ್ತರಿಕಾಯಿ ಅಂತಲೇ ಕರೀತಾರೆ. ಆ ಮನುಷ್ಯ ಕೆಲಸ ಮಾಡಿದಾನೆ, ಇಲ್ಲ ಅನ್ನೋಕಾಗಲ್ಲ.

ಆದರೆ ಅವನು ಬಂದ ಎರಡನೇ ವರ್ಷಕ್ಕೆ, 1876ರಿಂದ 78ರವರೆಗೆ, ಭೀಕರ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ಜನ. 1881ರಲ್ಲಿ 42 ಲಕ್ಷಕ್ಕಿಂತ ಕಡಿಮೆ. ಹತ್ತು ವರ್ಷದಲ್ಲಿ ಜನ ಹೆಚ್ಚಾಗಬೇಕಿತ್ತು, ಎಂಟು ಲಕ್ಷಕ್ಕೂ ಜಾಸ್ತಿ ಇಳಿದುಹೋದರು. ಅದರಲ್ಲಿ ಭೂಮಿ ಇಲ್ಲದ ಕೂಲಿಯವರ ಪಾಡು ಏನಾಗಿರಬೇಕು ಅಂತ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿಂದ ಬಂದ ಪ್ರತಿ ಗಿಡಕ್ಕೂ ಹೆಸರು, ಕುಲ, ಊರು ಬರೆದಿಡುತ್ತಿದ್ದ ಕಾಲ ಅದು. ಸತ್ತವರು ಮಾತ್ರ ಬರೀ ಲೆಕ್ಕ.

1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಇಟ್ಟಿದ್ದು ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್. ಕಬ್ಬಿಣ ಬಂದಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ. ರಾಜಕುಮಾರನ ಹೆಸರು ಇದೆ, ಕಬ್ಬಿಣ ಎರಕ ಹೊಯ್ದ ಕಂಪನಿ ಹೆಸರೂ ಇದೆ. ಆ ಕಂಬ ಎತ್ತಿ ನಿಲ್ಲಿಸಿದವರ ಹೆಸರು? ಹೈದರನ ಕಾಲದ ಮಾತು ಬಂದರೆ ತೋಟದ ಕೆಲಸದಲ್ಲಿ ಪಳಗಿದ ತಿಗಳರು ಅಂತ ಒಂದು ಸಮುದಾಯದ ಹೆಸರು ಸಿಗುತ್ತೆ. ಅವರಲ್ಲಿ ಒಬ್ಬ ಆಳಿನ ಹೆಸರನ್ನೂ ನಾವು ಓದಿಲ್ಲ. ತೋಟದ ಪಕ್ಕ ಕ್ರುಂಬಿಗಲ್ ರಸ್ತೆ ಇದೆ, ಮರಿಗೌಡ ರಸ್ತೆ ಇದೆ. ಇರಲಿ, ಬೇಡ ಅಂತಿಲ್ಲ. ಅಲ್ಲಿರೋ ಬಂಡೆ ಸುಮಾರು 300 ಕೋಟಿ ವರ್ಷದ್ದು ಅಂತ ಅದಕ್ಕೂ ಬೋರ್ಡು ಹಾಕಿದಾರೆ. ಕಲ್ಲಿಗೆ ಬೋರ್ಡಿದೆ, ಕೈಗೆ ಇಲ್ಲ. ಕೂಲಿಯವರ ಜಾತಿ ಬೇರೆ ಬೇರೆ ಇರಬಹುದು, ಹೆಸರು ಉಳಿಯದೆ ಹೋದದ್ದು ಮಾತ್ರ ಎಲ್ಲರದ್ದೂ.

ಈಗ ನನ್ನ ಕೆಲಸದ ಮಾತಿಗೆ ಬರ್ತೀನಿ. ನಾನು ಆಫೀಸಲ್ಲಿ ಗುಮಾಸ್ತ. ಕೂಲಿಯವರ ಹೆಸರು ಬೀಳೋ ಕಾಗದ ಸರ್ಕಾರದಲ್ಲಿ ಒಂದೇ: ಮಸ್ಟರ್ ರೋಲ್. ಹೆಸರು, ಎಷ್ಟು ದಿನ, ಎಷ್ಟು ಕೂಲಿ, ಕೊನೆಗೆ ಹೆಬ್ಬೆಟ್ಟು. ಶಾಶ್ವತವಾಗಿ ಇಡೋ ಕಡತಗಳೇ ಬೇರೆ. ಇಂಥವಕ್ಕೆಲ್ಲ ವರ್ಷ ತುಂಬಿದ ಮೇಲೆ ಪಟ್ಟಿ ಮಾಡಿ, ಸಹಿ ಹಾಕಿಸಿ, ನಾಶ. ಅಂಥ ಪಟ್ಟಿಗಳನ್ನ ನಾನೇ ಟೈಪ್ ಮಾಡಿದ್ದೀನಿ. ಎಷ್ಟು ಜನ ಅವ್ವಂದಿರ ಹೆಬ್ಬೆಟ್ಟು ನನ್ನ ಕೈಯಿಂದಲೇ ರದ್ದಿಗೆ ಹೋಗಿದೆಯೋ.

ಇದು ಬರೀ ಭಾವನೆ ಮಾತಲ್ಲ, ಅನ್ನದ ಮಾತು. 2006ರಲ್ಲಿ ಉಮಾದೇವಿ ಪ್ರಕರಣದ ತೀರ್ಪು ಬಂತು. ನಮ್ಮ ರಾಜ್ಯದ್ದೇ ಕೇಸು. ದಿನಗೂಲಿಯವರಿಗೆ ಕಾಯಂ ಆಗೋ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಒಂದು ಕಿಂಡಿ ಬಿಟ್ಟಿತ್ತು: ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ಆದೇಶದ ಆಸರೆ ಇಲ್ಲದೆ ಹತ್ತು ವರ್ಷ ದುಡಿದವರನ್ನ ಒಂದು ಸಲಕ್ಕೆ ಪರಿಗಣಿಸಿ ಅಂತ. ಹತ್ತು ವರ್ಷ ದುಡಿದಿದ್ದೀನಿ ಅಂತ ತೋರಿಸೋದು ಯಾವುದರಿಂದ? ಮಸ್ಟರ್ ರೋಲ್‌ನಿಂದ. ಅವ್ವ ಚಪ್ಪಲಿ ಸವೆಯುವಷ್ಟು ಸಲ ಕೇಳಿದಳು. ಸಿಕ್ಕಿದ ಉತ್ತರ ಎರಡೇ ಪದ: “ದಾಖಲೆ ಇಲ್ಲ.” ಇಪ್ಪತ್ತೊಂದು ವರ್ಷ ಎರಡು ಪದದಲ್ಲಿ ಮುಗೀತು.

ಗಾಜಿನ ಮನೆ ಒಳಗೆ ಹೋದಾಗ ಬಾಬಾಸಾಹೇಬರನ್ನ ಹೂವಲ್ಲಿ ನೋಡಿ ಅವ್ವ ಕೈ ಮುಗಿದಳು. ನನಗೂ ಗಂಟಲು ಕಟ್ಟಿತು. ರಾಜಕುಮಾರ ಅಡಿಗಲ್ಲು ಇಟ್ಟ ಮನೆಯಲ್ಲಿ ನಮ್ಮಪ್ಪ ನಿಂತಿದಾರೆ ಅಂದ್ರೆ ಸಣ್ಣ ಮಾತಲ್ಲ. ಆದರೆ ಹೂವು ಹನ್ನೆರಡು ದಿನಕ್ಕೆ ಬಾಡುತ್ತೆ. 1942ರಿಂದ 46ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡವರು ಅವರು. ಕಾರ್ಖಾನೆ ಕೆಲಸಗಾರರಿಗೆ ವಾರಕ್ಕೆ 48 ಗಂಟೆಯ ಮಿತಿ ಬಂದದ್ದು ಆಗ. ಇಂಥ ಸಾರ್ವಜನಿಕ ಜಾಗಕ್ಕೆ ಜಾತಿ ಹೆಸರಲ್ಲಿ ಯಾರನ್ನೂ ತಡೆಯೋಹಾಗಿಲ್ಲ ಅಂತ ಸಂವಿಧಾನದ 15ನೇ ವಿಧಿಯಲ್ಲಿ ಇದೆ. ಒಳಗೆ ಬರೋ ಹಕ್ಕು ಕೊಡಿಸಿದರು. ಒಳಗೆ ದುಡಿದವರ ಲೆಕ್ಕ ಕೇಳೋದು ನಮಗೆ ಬಿಟ್ಟಿದಾರೆ.

ಅದಕ್ಕೇ ಎರಡು ಮಾತು.

ಒಂದು, ಸರ್ಕಾರಿ ಆಫೀಸಲ್ಲಿರೋ ನಮ್ಮ ಗೆಳೆಯರಿಗೆ. ಹಳೇ ಮಸ್ಟರ್ ರೋಲ್ ನಾಶದ ಪಟ್ಟಿ ನಿಮ್ಮ ಟೇಬಲ್ಲಿಗೆ ಬಂದರೆ, ಸಹಿಗೆ ಕಳಿಸೋ ಮೊದಲು ಇದು ಪತ್ರಾಗಾರ ಇಲಾಖೆಗೆ ಹೋಗಬೇಕಾದ ದಾಖಲೆ ಅಂತ ಟಿಪ್ಪಣಿ ಬರೀರಿ. ಟಿಪ್ಪಣಿ ಬರೆಯೋಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ನಾನು ಶುರು ಮಾಡಿದ್ದೀನಿ.

ಎರಡು, ಎಲ್ಲರಿಗೂ. ನಿಮ್ಮ ಅವ್ವ, ಅಪ್ಪ, ತಾತ ಯಾವ ತೋಟ, ಯಾವ ರಸ್ತೆ, ಯಾವ ಕೆರೆಯಲ್ಲಿ ಎಷ್ಟು ವರ್ಷ ದುಡಿದರು ಅಂತ ಅವರು ಇರುವಾಗಲೇ ಕೇಳಿ ಬರೆದಿಡಿ. ನಮ್ಮ ಮನೆಯ ಮಸ್ಟರ್ ರೋಲ್ ನಾವೇ ಬರೀಬೇಕು.

ಅವತ್ತು ವಾಪಸ್ ಬರುವಾಗ ದಾರಿ ಪಕ್ಕ ಒಬ್ಬ ಹೆಂಗಸು ಬಗ್ಗಿ ಕಳೆ ಕೀಳ್ತಿದ್ರು. ಅವ್ವ ಹೋಗಿ ಪಕ್ಕ ಕುಕ್ಕರುಗಾಲಲ್ಲಿ ಕೂತಳು. “ಏನವ್ವ ನಿನ್ನ ಹೆಸರು?” ಆಕೆ ನಕ್ಕು ಹೇಳಿದ್ರು. ಅವ್ವ ನನ್ನ ಕಡೆ ತಿರುಗಿ, “ಬರ್ಕೊ” ಅಂದಳು.

ಬರ್ಕೊಂಡಿದ್ದೀನಿ. ಅವರ ಅಪ್ಪಣೆ ಇಲ್ಲದೆ ಇಲ್ಲಿ ಹಾಕಲ್ಲ. ನನ್ನ ಪುಸ್ತಕದ ಮೊದಲ ಸಾಲಲ್ಲಿ ನಮ್ಮ ಅವ್ವನ ಹೆಸರಿದೆ, ಎರಡನೇದು ಅವರದು.

ಜೈಭೀಮ್.