ಉಲ್ಲೇಖದ ಲೆಕ್ಕ: ವೈದ್ಯಕೀಯ ಪತ್ರಿಕೆಗಳನ್ನು ತೂಗುವ ತಕ್ಕಡಿ



ವೈದ್ಯರು ಬರೆದುಕೊಟ್ಟ ಚೀಟಿಯನ್ನು ಔಷಧಿ ಅಂಗಡಿಯಲ್ಲಿ ಕೊಟ್ಟು ನೀವು ಮಾತ್ರೆ ತರುತ್ತೀರಿ. ಆ ರೋಗಕ್ಕೆ ಆ ಮಾತ್ರೆಯೇ ಸರಿ ಎಂಬುದು ವೈದ್ಯರಿಗೆ ಹೇಗೆ ತಿಳಿಯಿತು? ಕಲಿತ ವಿದ್ಯೆಯಿಂದ, ಅನುಭವದಿಂದ. ಅದರ ಜೊತೆಗೆ, ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾಗುವ ಸಂಶೋಧನಾ ಲೇಖನಗಳಿಂದ. ಇಂಥ ಪತ್ರಿಕೆಗಳು ಜಗತ್ತಿನಲ್ಲಿ ಸಾವಿರಾರು ಇವೆ. ಯಾವುದನ್ನು ಮೊದಲು ಓದಬೇಕು, ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು? ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ಒಂದು ಅಂಕಿಯ ಚರಿತ್ರೆಯನ್ನು ಇಲ್ಲಿ ನೋಡೋಣ.

ವಿಜ್ಞಾನಿಯೊಬ್ಬರು ಲೇಖನ ಬರೆಯುವಾಗ, ತಮಗಿಂತ ಮೊದಲು ಅದೇ ವಿಷಯದಲ್ಲಿ ಕೆಲಸ ಮಾಡಿದವರ ಲೇಖನಗಳನ್ನು ಕೊನೆಯಲ್ಲಿ ಪಟ್ಟಿ ಮಾಡುತ್ತಾರೆ. ಇದಕ್ಕೆ ಉಲ್ಲೇಖ ಎಂದು ಹೆಸರು. 1927ರಲ್ಲಿ ಅಮೆರಿಕದ ಗ್ರೋಸ್ ಮತ್ತು ಗ್ರೋಸ್ ಎಂಬ ಇಬ್ಬರು ಈ ಉಲ್ಲೇಖಗಳನ್ನು ಎಣಿಸಿದರು. ಅವರ ಉದ್ದೇಶ ಸರಳವಾಗಿತ್ತು. ಚಿಕ್ಕ ಕಾಲೇಜಿನ ಗ್ರಂಥಾಲಯಕ್ಕೆ ಹಣ ಕಡಿಮೆ. ಯಾವ ರಸಾಯನಶಾಸ್ತ್ರ ಪತ್ರಿಕೆಗಳಿಗೆ ಚಂದಾ ಕಟ್ಟಿದರೆ ಹೆಚ್ಚು ಪ್ರಯೋಜನ? ಹೆಚ್ಚು ಉಲ್ಲೇಖಗೊಂಡದ್ದನ್ನು ಮೊದಲು ತರಿಸಿರಿ ಎಂಬುದು ಅವರ ಸಲಹೆ. ಅಂದರೆ ಈ ಲೆಕ್ಕ ಮೊದಲು ಹುಟ್ಟಿದ್ದು ಗ್ರಂಥಪಾಲಕರ ಮೇಜಿನ ಮೇಲೆ, ವಿದ್ವಾಂಸರ ಯೋಗ್ಯತೆಯನ್ನು ಅಳೆಯುವುದಕ್ಕಲ್ಲ.

ಗ್ರಂಥಾಲಯದ ಕೆಲಸಕ್ಕೆ ಗಣಿತವನ್ನು ಹೂಡುವ ವಿಚಾರದಲ್ಲಿ ನಮ್ಮವರೂ ಹಿಂದೆ ಬಿದ್ದಿರಲಿಲ್ಲ. ಎಸ್. ಆರ್. ರಂಗನಾಥನ್ ಅವರು 1948ರಲ್ಲಿಯೇ ಇಂಗ್ಲೆಂಡಿನ ಒಂದು ಸಮ್ಮೇಳನದಲ್ಲಿ ಇದಕ್ಕೆ ‘ಲೈಬ್ರಮೆಟ್ರಿ’ ಎಂಬ ಹೆಸರನ್ನು ಸೂಚಿಸಿದರು. ಮುಂದೆ 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದವರೂ ಅವರೇ.

ಈ ಲೆಕ್ಕಕ್ಕೆ ವ್ಯವಸ್ಥಿತ ರೂಪ ಕೊಟ್ಟವರು ಯೂಜೀನ್ ಗಾರ್ಫೀಲ್ಡ್. 1951ರಲ್ಲಿ ಅವರು ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ, ವೈದ್ಯಕೀಯ ಲೇಖನಗಳ ಸೂಚಿಯನ್ನು ಯಂತ್ರಗಳಿಂದ ತಯಾರಿಸುವ ಯೋಜನೆಯೊಂದನ್ನು ಸೇರಿದರು. ಅಮೆರಿಕದ ವಕೀಲರು 1873ರಿಂದಲೂ ‘ಶೆಪರ್ಡ್’ ಎಂಬ ಸೂಚಿಯನ್ನು ಬಳಸುತ್ತಿದ್ದರು. ಒಂದು ತೀರ್ಪನ್ನು ಮುಂದಿನ ಯಾವ ಯಾವ ತೀರ್ಪುಗಳು ಎತ್ತಿ ಹೇಳಿವೆ, ಎತ್ತಿ ಹಿಡಿದಿವೆ ಅಥವಾ ತಳ್ಳಿಹಾಕಿವೆ ಎಂಬುದನ್ನು ಅದು ತಿಳಿಸುತ್ತಿತ್ತು. ವಿಜ್ಞಾನಕ್ಕೂ ಇಂಥದೊಂದು ಸೂಚಿ ಏಕಿರಬಾರದು ಎಂದು ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕೇಳಿದರು. 1963ರಲ್ಲಿ ಅವರ ಸಂಸ್ಥೆ 613 ಪತ್ರಿಕೆಗಳನ್ನು ಒಳಗೊಂಡ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಹೊರತಂದಿತು. ಸೂಚಿಗೆ ಪತ್ರಿಕೆಗಳನ್ನು ಆರಿಸಲು ಗಾರ್ಫೀಲ್ಡ್ ಮತ್ತು ಅವರ ಸಹೋದ್ಯೋಗಿ ಇರ್ವಿಂಗ್ ಶೇರ್ ಒಂದು ಅಳತೆಯನ್ನು ರೂಪಿಸಿಕೊಂಡರು. ಅದೇ ‘ಇಂಪ್ಯಾಕ್ಟ್ ಫ್ಯಾಕ್ಟರ್’. ನಾವು ಪ್ರಭಾವಾಂಕ ಎನ್ನೋಣ. 1975ರಿಂದ ಅದು ಪತ್ರಿಕೆಗಳ ವಾರ್ಷಿಕ ವರದಿಯಾಗಿ ಅಚ್ಚಾಗತೊಡಗಿತು.

ಲೆಕ್ಕ ಕಷ್ಟದ್ದಲ್ಲ. ಒಂದು ಪತ್ರಿಕೆ ಹಿಂದಿನ ಎರಡು ವರ್ಷಗಳಲ್ಲಿ 200 ಲೇಖನ ಪ್ರಕಟಿಸಿತು, ಅವುಗಳಿಗೆ ಈ ವರ್ಷ 600 ಉಲ್ಲೇಖ ಬಂದವು ಎನ್ನಿ. ಭಾಗಿಸಿದರೆ ಪ್ರಭಾವಾಂಕ 3. ಆದರೆ ಈ ಭಾಗಾಕಾರದಲ್ಲಿಯೇ ಒಂದು ಸಡಿಲು ಇದೆ. ಸಂಪಾದಕೀಯ, ಓದುಗರ ಪತ್ರ ಮುಂತಾದವಕ್ಕೆ ಬಂದ ಉಲ್ಲೇಖಗಳು ಭಾಜ್ಯದಲ್ಲಿ ಸೇರುತ್ತವೆ. ಭಾಜಕದಲ್ಲಿ ಮಾತ್ರ ಆ ಬರಹಗಳನ್ನು ಎಣಿಸುವುದಿಲ್ಲ. ‘ಪ್ಲೋಸ್ ಮೆಡಿಸಿನ್’ ಪತ್ರಿಕೆಯ ಸಂಪಾದಕರು 2006ರಲ್ಲಿ ಬಹಿರಂಗವಾಗಿ ಬರೆದರು: ಯಾವ ಬರಹಗಳನ್ನು ಭಾಜಕದಲ್ಲಿ ಎಣಿಸಬೇಕು ಎಂಬುದರ ಮೇಲೆ ತಮ್ಮ ಪತ್ರಿಕೆಯ ಅಂಕ 3ಕ್ಕಿಂತ ಕೆಳಗೂ ಇರಬಹುದಿತ್ತು, 11ಕ್ಕೂ ಏರಬಹುದಿತ್ತು!

ಪತ್ರಿಕೆಯ ಅಂಕವನ್ನು ಲೇಖಕನ ತಲೆಗೆ ಕಟ್ಟುವ ರೂಢಿ ಬೆಳೆದಾಗ ತೊಂದರೆ ಹೆಚ್ಚಿತು. ನಾರ್ವೆಯ ಪೆರ್ ಸೆಗ್ಲೆನ್ 1997ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಎಚ್ಚರಿಸಿದರು. ಅವರು ಪರಿಶೀಲಿಸಿದ ಪತ್ರಿಕೆಗಳಲ್ಲಿ ಶೇಕಡಾ 15ರಷ್ಟು ಲೇಖನಗಳೇ ಅರ್ಧದಷ್ಟು ಉಲ್ಲೇಖಗಳನ್ನು ಗಳಿಸಿದ್ದವು. ಕೆಲವರ ದುಡಿಮೆಯ ಕೀರ್ತಿ ಎಲ್ಲರಿಗೂ ಹಂಚಿಹೋಗುತ್ತಿತ್ತು. ಆದರೂ ಕೆಲಸ, ಬಡ್ತಿ, ಅನುದಾನಗಳಿಗೆ ಈ ಅಂಕಿಯೇ ಆಧಾರವಾಯಿತು. ನಮ್ಮ ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯಲ್ಲೂ ಅಧ್ಯಾಪಕರ ಲೇಖನಕ್ಕೆ ಪತ್ರಿಕೆಯ ಪ್ರಭಾವಾಂಕಕ್ಕೆ ಅನುಗುಣವಾಗಿ ಹೆಚ್ಚಿನ ಅಂಕಗಳಿದ್ದವು.

ಅಂಕಿಗೆ ಬೆಲೆ ಬಂದ ಮೇಲೆ ಅಂಕಿಯನ್ನು ಬೆಳೆಸುವವರೂ ಹುಟ್ಟಿಕೊಂಡರು. ಬ್ರೆಜಿಲ್ ದೇಶದ 4 ವೈದ್ಯಕೀಯ ಪತ್ರಿಕೆಗಳು ತಮ್ಮತಮ್ಮಲ್ಲೇ ಒಂದನ್ನೊಂದು ಉಲ್ಲೇಖಿಸಿಕೊಂಡು ಅಂಕ ಏರಿಸಿಕೊಂಡದ್ದು 2013ರಲ್ಲಿ ಬೆಳಕಿಗೆ ಬಂದು, ಅವುಗಳ ಅಂಕವನ್ನು ತಡೆಹಿಡಿಯಲಾಯಿತು.

ಮೋಸವಿಲ್ಲದೆಯೂ ಅಂಕಿ ಹೇಗೆ ಕುಣಿಯುತ್ತದೆ ನೋಡಿ. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ 1823ರಿಂದ ನಡೆದುಬಂದಿದೆ. 2019ರಲ್ಲಿ ಅದರ ಅಂಕ 60.392. 2021ರಲ್ಲಿ 202.731! ಆ ವರ್ಷ ಅದು ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯನ್ನೂ ಹಿಂದೆ ಹಾಕಿತು. 2023ರ ವೇಳೆಗೆ ಮತ್ತೆ 98.4ಕ್ಕೆ ಇಳಿಯಿತು. ಎರಡು ವರ್ಷಗಳಲ್ಲಿ ಸಂಪಾದಕರ ಬುದ್ಧಿ ಮೂರು ಪಟ್ಟು ಬೆಳೆದು ಆಮೇಲೆ ಕರಗಿತೆ? ಇಲ್ಲ. 2020ರಲ್ಲಿ ಕೋವಿಡ್ ಬಂದಿತು, ಜಗತ್ತೆಲ್ಲ ಅದೊಂದನ್ನೇ ಕುರಿತು ಬರೆಯಿತು. ವುಹಾನ್ ನಗರದ ಮೊದಲ 41 ರೋಗಿಗಳ ವರದಿ ಬಂದದ್ದು ಲ್ಯಾನ್ಸೆಟ್‌ನಲ್ಲಿ. ಮುಂದೆ ಬರೆದವರು ಅದನ್ನು ಉಲ್ಲೇಖಿಸದೆ ಇರುವಂತಿರಲಿಲ್ಲ. ಲೆಕ್ಕದ ಎರಡು ವರ್ಷಗಳ ಕಿಟಕಿಯಿಂದ 2020 ಆಚೆ ಸರಿದಂತೆ ಅಂಕವೂ ಇಳಿಯಿತು.

ಇನ್ನೂ ಗಂಭೀರವಾದ ಮಾತೊಂದಿದೆ. ಹೊಗಳಿದರೂ ಉಲ್ಲೇಖವೇ, ತೆಗಳಿದರೂ ಉಲ್ಲೇಖವೇ. ದಡಾರ ಸೇರಿದಂತೆ ಮೂರು ರೋಗಗಳ ಸಂಯುಕ್ತ ಲಸಿಕೆಗೂ ಮಕ್ಕಳ ಆಟಿಸಂಗೂ ನಂಟು ಕಲ್ಪಿಸಿದ ಆಂಡ್ರ್ಯೂ ವೇಕ್‌ಫೀಲ್ಡರ ಲೇಖನ 1998ರಲ್ಲಿ ಪ್ರಕಟವಾದದ್ದು ಇದೇ ಲ್ಯಾನ್ಸೆಟ್‌ನಲ್ಲಿ. ಅದನ್ನು ಹಿಂತೆಗೆದುಕೊಂಡದ್ದು 2010ರಲ್ಲಿ. ಈ ನಡುವೆ ಹೆದರಿದ ತಂದೆತಾಯಿಗಳು ಮಕ್ಕಳಿಗೆ ಲಸಿಕೆ ಹಾಕಿಸದೆ ಉಳಿದರು. ಲೇಖನವನ್ನು ಖಂಡಿಸಿದವರ ಉಲ್ಲೇಖಗಳೂ ಲೆಕ್ಕಕ್ಕೆ ಸೇರುತ್ತಲೇ ಹೋದವು. ವಕೀಲರ ಸೂಚಿಯಲ್ಲಿದ್ದ ‘ತಳ್ಳಿಹಾಕಿದೆ’ ಎಂಬ ಗುರುತು ವಿಜ್ಞಾನದ ಈ ಅಂಕಿಯಲ್ಲಿ ಉಳಿದಿರಲಿಲ್ಲ.

ತಿದ್ದುವ ಪ್ರಯತ್ನಗಳೂ ನಡೆದಿವೆ. ವ್ಯಕ್ತಿಯೊಬ್ಬರ ಒಟ್ಟು ಕೆಲಸವನ್ನು ಅಳೆಯಲು ಜಾರ್ಜ್ ಹಿರ್ಷ್ 2005ರಲ್ಲಿ ‘ಎಚ್ ಸೂಚ್ಯಂಕ’ ತಂದರು. ಪತ್ರಿಕೆಯ ಅಂಕದಿಂದ ವಿಜ್ಞಾನಿಯನ್ನು ತೂಗಬೇಡಿ ಎಂಬ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ 2013ರಲ್ಲಿ ಪ್ರಕಟವಾಯಿತು. 2023ರಿಂದ ಪ್ರಭಾವಾಂಕವನ್ನು ದಶಮಾಂಶದ ಮೂರು ಸ್ಥಾನಗಳ ಬದಲು ಒಂದೇ ಸ್ಥಾನಕ್ಕೆ ಕೊಡಲಾಗುತ್ತಿದೆ. ಹಿಂತೆಗೆದುಕೊಂಡ ಲೇಖನಗಳಿಗೆ ಬಂದ ಉಲ್ಲೇಖಗಳನ್ನು 2025ರ ವರದಿಯಿಂದ ಲೆಕ್ಕದಿಂದ ಕೈಬಿಡಲಾಗಿದೆ. 2017ರಲ್ಲಿ ನಿಧನರಾದ ಗಾರ್ಫೀಲ್ಡರು ತಮ್ಮ ಸೃಷ್ಟಿಯನ್ನು ಅಣುಶಕ್ತಿಗೆ ಹೋಲಿಸಿದ್ದರು: ಒಳಿತಿಗೂ ಆದೀತು, ಕೆಡುಕಿಗೂ ಆದೀತು.

ಇದು ಎಲ್ಲೋ ದೂರದ ವಿದ್ವಾಂಸರ ಜಗಳ ಎಂದು ತಳ್ಳಿಹಾಕುವಂತಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. ಕ್ಯಾನ್ಸರ್ ಕುರಿತು ಬರೆಯುವವರು ಲೋಕದಲ್ಲೆಲ್ಲ ಇದ್ದಾರೆ. ಮಂಗನ ಕಾಯಿಲೆಯ ಬಗ್ಗೆ ಬರೆಯುವವರು ಬೆರಳೆಣಿಕೆಯಷ್ಟು. ಬರೆಯುವವರು ಕಡಿಮೆಯಾದರೆ ಉಲ್ಲೇಖವೂ ಕಡಿಮೆ. ಅಂಕಿಯ ಬೆನ್ನು ಹತ್ತಿದ ಯುವ ವೈದ್ಯ ಆ ವಿಷಯವನ್ನು ಕೈಬಿಟ್ಟರೆ ನಷ್ಟ ಮಲೆನಾಡಿನ ಕೂಲಿಕಾರನಿಗೆ, ಸೊಪ್ಪು ತರಲು ಕಾಡಿಗೆ ಹೋಗುವ ಹೆಂಗಸಿಗೆ.

ಆದ್ದರಿಂದ ಓದುಗರೆ, ದೊಡ್ಡ ಪತ್ರಿಕೆಯಲ್ಲಿ ಬಂದಿದೆ ಎಂದು ಯಾರಾದರೂ ಒಂದು ಚಿಕಿತ್ಸೆಯನ್ನು ಮುಂದಿಟ್ಟಾಗ ಅಷ್ಟಕ್ಕೇ ತೃಪ್ತರಾಗಬೇಡಿ. ಎಷ್ಟು ರೋಗಿಗಳ ಮೇಲೆ ಪರೀಕ್ಷೆ ನಡೆಯಿತು, ಬೇರೆಯವರು ಮಾಡಿದಾಗಲೂ ಅದೇ ಫಲ ಬಂದಿತೆ, ಲೇಖನ ಇನ್ನೂ ಮಾನ್ಯವಾಗಿದೆಯೇ ಎಂದು ವೈದ್ಯರನ್ನು ವಿನಯದಿಂದ ಕೇಳಿರಿ. ಗ್ರಂಥಪಾಲಕರಿಗೆ ದಾರಿ ತೋರಲು ಹುಟ್ಟಿದ ಅಂಕಿ ಆ ಕೆಲಸಕ್ಕೆ ಇಂದಿಗೂ ಉಪಯುಕ್ತ. ಲೇಖನದ ಸತ್ಯವನ್ನು ಮಾತ್ರ ಓದಿಯೇ ತಿಳಿಯಬೇಕು.