ಕ್ರೆಡಿಟ್: ಪದದ ಅರ್ಥಗಳು ಮತ್ತು ಬಳಕೆ

ಕ್ರೆಡಿಟ್ ಎಂಬುದು ಇಂಗ್ಲಿಷಿನಿಂದ ಬಂದು ಕನ್ನಡಿಗರ ವ್ಯವಹಾರದ ಮಾತಿನಲ್ಲಿ ನೆಲೆಯೂರಿರುವ ಪದ. ಇದರ ಮೂಲ ‘ನಂಬು’ ಎಂಬ ಅರ್ಥದ ಲ್ಯಾಟಿನ್ ಧಾತು. ಸೊರಬ ತಾಲ್ಲೂಕಿನ ಹೊಸಬಾಳೆಯಲ್ಲಾಗಲಿ, ಪಕ್ಕದ ಶಿಕಾರಿಪುರದ ಹಳ್ಳಿಗಳಲ್ಲಾಗಲಿ, ಅಡಿಕೆ, ಭತ್ತ, ಮೆಕ್ಕೆಜೋಳ ಬೆಳೆಯುವ ಕುಟುಂಬ ಈ ಪದವನ್ನು ಗೊಬ್ಬರದ ಅಂಗಡಿಯಲ್ಲಿ ಒಂದು ಅರ್ಥದಲ್ಲಿ, ಬ್ಯಾಂಕಿನಲ್ಲಿ ಇನ್ನೊಂದು ಅರ್ಥದಲ್ಲಿ ಕೇಳುತ್ತದೆ. ಒಂದು ಕಡೆ ಸಾಲ ಏರಿರುತ್ತದೆ, ಇನ್ನೊಂದು ಕಡೆ ಹಣ ಬಂದಿರುತ್ತದೆ. ಆದ್ದರಿಂದ ಯಾವ ಅರ್ಥ ಎಲ್ಲಿ ಎಂಬುದನ್ನು ತಿಳಿದಿರುವುದು ಒಳ್ಳೆಯದು.

1. ಉದ್ರಿ
‘ಕ್ರೆಡಿಟ್‌ನಲ್ಲಿ ಕೊಡಿ’ ಎಂದರೆ ಸರಕು ಈಗ, ಹಣ ಆಮೇಲೆ. ಇದಕ್ಕೆ ಕನ್ನಡದಲ್ಲಿ ಉದ್ರಿ, ಕಡ ಎಂಬ ಪದಗಳಿವೆ. ಉದ್ರಿ, ಹಿಂದಿಯ ಉಧಾರ್ ಎರಡೂ ಸಂಸ್ಕೃತದ ‘ಉದ್ಧಾರ’ದಿಂದ ಬಂದವು, ಆ ಪದಕ್ಕೆ ಸಾಲ ಎಂಬ ಅರ್ಥವೂ ಇದೆ. (ಸೊರಬ ತಾಲ್ಲೂಕಿನಲ್ಲಿ ಉದ್ರಿ ಎಂಬ ಊರೂ ಇದೆ. ಜೈನ ಶಾಸನಗಳಿರುವ ಈ ಊರಿನ ಹೆಸರು ಶಾಸನಗಳಲ್ಲಿ ‘ಉದ್ಧರೆ’ ಎಂದಿದೆ.)

ಉದ್ರಿ ಕೊಡುವ ವ್ಯಾಪಾರಿಗಳು ಗಮನಿಸಬೇಕಾದ ಒಂದು ಮಾತಿದೆ. 1963ರ ಕಾಲಮಿತಿ ಕಾಯ್ದೆಯಂತೆ ಮಾರಿದ ಸರಕಿನ ಬಾಕಿಗೆ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹೂಡಬೇಕು. ಆ ಅವಧಿಯೊಳಗೆ ಸಾಲಗಾರರು ಬಾಕಿ ಇರುವುದನ್ನು ಬರೆದು ಸಹಿ ಮಾಡಿಕೊಟ್ಟರೆ ಅಲ್ಲಿಂದ ಹೊಸ ಅವಧಿ ಆರಂಭವಾಗುತ್ತದೆ.

2. ಜಮೆ
ಬ್ಯಾಂಕಿನವರು ‘ಕ್ರೆಡಿಟ್ ಆಗಿದೆ’ ಎಂದರೆ ಖಾತೆಗೆ ಹಣ ಜಮೆಯಾಗಿದೆ ಎಂದರ್ಥ. ನಾವು ಇಟ್ಟ ಹಣ ಬ್ಯಾಂಕಿನ ಪಾಲಿಗೆ ನಮಗೆ ಕೊಡಬೇಕಾದ ಬಾಕಿ. ಆದ್ದರಿಂದ ಅವರ ಪುಸ್ತಕದಲ್ಲಿ ಅದು ಕ್ರೆಡಿಟ್. ಅದೇ ಹಣ ನಮ್ಮ ಅಂಗಡಿಯ ಲೆಕ್ಕಪುಸ್ತಕದಲ್ಲಿ ಬ್ಯಾಂಕ್ ಖಾತೆಯ ಡೆಬಿಟ್ ಬದಿಗೆ ಬರುತ್ತದೆ.

ಮೊಬೈಲಿಗೆ ಬಂದ ‘ಕ್ರೆಡಿಟ್’ ಸಂದೇಶವನ್ನಷ್ಟೇ ನಂಬಿ ಸರಕು ಕಳುಹಿಸಬಾರದು. ಸುಳ್ಳು ಸಂದೇಶಗಳೂ ಬರುತ್ತವೆ. ಖಾತೆಯನ್ನು ತೆರೆದು ನೋಡಿಯೇ ಖಚಿತಪಡಿಸಿಕೊಳ್ಳಬೇಕು.

3. ಪತ್ತು
ಸಹಕಾರ ಕ್ಷೇತ್ರದಲ್ಲಿ ಕ್ರೆಡಿಟ್‌ಗೆ ಪತ್ತು ಎನ್ನುತ್ತಾರೆ. ನಾವು ಸೊಸೈಟಿ ಎಂದು ಕರೆಯುವುದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವನ್ನು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಸಂಘವು ದೇಶದ ಮೊದಲ ಕೃಷಿ ಪತ್ತಿನ ಸಂಘವೆಂದು ಹೆಸರಾಗಿದೆ.

1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡ್ ಕೂಡ ಸಾಲವೇ. ಅದರಲ್ಲಿ ನಮೂದಿಸಿದ ಮಿತಿ ನಮ್ಮ ಉಳಿತಾಯವಲ್ಲ; ಅಲ್ಲಿಯವರೆಗೆ ಸಾಲ ಪಡೆಯಬಹುದು ಎಂಬ ಅನುಮತಿ ಮಾತ್ರ.

4. ಕ್ರೆಡಿಟ್ ಸ್ಕೋರ್
ಸಾಲ ತೀರಿಸಿದ ರೀತಿಯನ್ನು ನೋಡಿ ಕೊಡುವ ಅಂಕ ಇದು. ಸಿಬಿಲ್ ಅಂಕ 300ರಿಂದ 900ರವರೆಗೆ ಇರುತ್ತದೆ. ಬೇರೆಯವರ ಸಾಲಕ್ಕೆ ಜಾಮೀನು ನಿಂತವರ ಹೆಸರೂ ದಾಖಲೆಯಲ್ಲಿ ಬರುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಇರುತ್ತದೆ. ಬಂಧುಗಳ ದಾಕ್ಷಿಣ್ಯಕ್ಕೆ ಸಹಿ ಮಾಡುವ ಮುನ್ನ ಇದನ್ನು ನೆನೆಯಬೇಕು.

5. ತೆರಿಗೆಯಲ್ಲಿ
ಗ್ರಾಹಕರು ಸರಕು ಹಿಂದಿರುಗಿಸಿದಾಗ ಅಥವಾ ಬಿಲ್ಲಿನಲ್ಲಿ ಹೆಚ್ಚು ಬರೆದಿದ್ದಾಗ ಮಾರಿದವರು ಕೊಡುವ ಚೀಟಿ ಕ್ರೆಡಿಟ್ ನೋಟ್. ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್.

ಶ್ರಾವಕರ ವ್ಯವಹಾರದಲ್ಲಿ
ತತ್ತ್ವಾರ್ಥಸೂತ್ರದ 7ನೇ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರಗಳನ್ನು ಹೇಳುತ್ತದೆ. ಸುಳ್ಳು ಪತ್ರ ಬರೆಯುವುದು ಮೊದಲನೆಯದು. ಇಟ್ಟವರು ಮರೆತು ಕಡಿಮೆ ಕೇಳಿದಾಗ ಉಳಿದದ್ದನ್ನು ತಾನೇ ಇಟ್ಟುಕೊಳ್ಳುವುದು ಎರಡನೆಯದು. ಉದ್ರಿ ಪುಸ್ತಕ ಇಡುವವರಿಗೂ, ತಪ್ಪಾಗಿ ಖಾತೆಗೆ ಹಣ ಜಮೆಯಾದವರಿಗೂ ಈ ಎಚ್ಚರಿಕೆ ಇಂದಿಗೂ ಅನ್ವಯಿಸುತ್ತದೆ.

ಯಾರಾದರೂ ಕ್ರೆಡಿಟ್ ಎಂದಾಗ ಮೂರು ಪ್ರಶ್ನೆ ಕೇಳಿ: ಇದು ಬಂದ ಹಣವೋ, ಕೊಡಬೇಕಾದ ಹಣವೋ? ಯಾರ ಪುಸ್ತಕದ ಲೆಕ್ಕ? ಯಾವ ದಿನದೊಳಗೆ ತೀರಿಸಬೇಕು? ಉತ್ತರ ಬರಹದಲ್ಲಿ ಸಿಕ್ಕ ಮೇಲೆ ಸಹಿ ಮಾಡಿ.