ಬೆಂಗಳೂರು ಪ್ರಾಜೆಕ್ಟ್: ವ್ಯಾಕರಣ ಪಾಠವಿಲ್ಲದ ಇಂಗ್ಲಿಷ್ ತರಗತಿ

ವ್ಯಾಕರಣ ಪಾಠ ಮಾಡದೆ ಇಂಗ್ಲಿಷ್ ಕಲಿಸಬಹುದೇ? ಇದನ್ನು ಪರೀಕ್ಷಿಸಲು ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗವೇ 'ಬೆಂಗಳೂರು ಪ್ರಾಜೆಕ್ಟ್'. ಅರ್ಥದ ಕಡೆ ಗಮನವಿದ್ದರೆ ವ್ಯಾಕರಣ ತಾನಾಗಿ ಮೈಗೂಡುತ್ತದೆ ಎಂಬುದು ಅವರ ವಾದ.

ರೈಲು ವೇಳಾಪಟ್ಟಿ ಓದುವುದು, ನಕ್ಷೆ ನೋಡಿ ದಾರಿ ಹುಡುಕುವುದು ಮುಂತಾದ ಕೆಲಸಗಳೇ ಇಲ್ಲಿ ಪಾಠ. ಮೊದಲು ಅಂಥದೇ ಕೆಲಸವನ್ನು ಶಿಕ್ಷಕರು ಇಡೀ ತರಗತಿಯೊಂದಿಗೆ ಮಾಡುತ್ತಿದ್ದರು. ನಂತರ ವಿದ್ಯಾರ್ಥಿಗಳು ತಾವೇ ಮಾಡಬೇಕಿತ್ತು. ತಪ್ಪಾದರೆ ಅಲ್ಲೇ ತಿದ್ದಿ ಮುಂದುವರಿಯುತ್ತಿದ್ದರು.

ಬೆರೆಟ್ಟಾ ಮತ್ತು ಡೇವಿಸ್ ಅವರು 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಂತೆ, ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳು ಮುಂದಿದ್ದರು. ಉಕ್ತಲೇಖನದಲ್ಲಿ ಪ್ರಯೋಗದ ಮಕ್ಕಳದೇ ಮೇಲುಗೈ. ವ್ಯಾಕರಣದ ಅಂಕ ನೋಡಿ ಮಾತ್ರ ಮಕ್ಕಳ ಇಂಗ್ಲಿಷ್ ಅಳೆಯುವ ಪಾಲಕರು ಇದನ್ನು ಗಮನಿಸಬೇಕು.